ಕಲ್ಲೇಶ ಬರೆದ ಮೊದಲ ಸಾಲು

ಕಲ್ಲೇಶನನ್ನು ಕೆಲಸದಿಂದ ತೆಗೆದದ್ದು 2005ರ ಜನವರಿಯಲ್ಲಿ. ದೇವರ ಹೆಸರು ಬರೆದು ಕೆಲಸ ಕಳೆದುಕೊಂಡ ಎಂದು ಆಫೀಸಿನವರು ಈಗಲೂ ನಗುತ್ತಾರೆ. ನಗುವವರ ಬಾಯಿಗೆ ಮಣ್ಣು ಬೀಳಲಿ. ಮೊದಲು ನನ್ನ ಬಾಯಿಗೆ ಬೀಳಲಿ.

ಮಾದಾಪುರದ ನಮ್ಮ ಕಂಪನಿ ಹನ್ನೊಂದು ಗಿರಾಕಿಗಳ ವೆಬ್‌ಸೈಟ್ ನಡೆಸುತ್ತಿತ್ತು. ನಮ್ಮ ಡೈರೆಕ್ಟರ್ ಪ್ರತಿಯೊಬ್ಬರಿಗೂ ‘ನಿಮ್ಮದೇ ಪ್ರತ್ಯೇಕ ಮಷೀನು’ ಎಂದು ಟೋಪಿ ಹಾಕಿದ್ದ. ಇದ್ದದ್ದು ಒಂದೇ ಮಷೀನು. ಅದರೊಳಗೆ ಗಿರಾಕಿಗೊಂದು ಸರ್ವರ್ ಪ್ರೋಗ್ರಾಮು ಓಡುತ್ತಿತ್ತು, ಆದರೆ ಹೊರಗಿನವರು ಬರುವುದು ಎಂಬತ್ತನೇ ಪೋರ್ಟ್ ಎಂಬ ಒಂದೇ ಬಾಗಿಲಿನಿಂದ, ಅಲ್ಲಿ ಕೂರಲು ಒಂದೇ ಸರ್ವರಿಗೆ ಜಾಗ. ಡೈರೆಕ್ಟರನ ಸುಳ್ಳನ್ನು ನಿಭಾಯಿಸಿದವನು ಗುಲ್ಬರ್ಗಾದ ಕಲ್ಲೇಶ. ಆ ಪೋರ್ಟಿನಲ್ಲಿ ಒಂದು ಸರ್ವರನ್ನು ಅಪಾರ್ಟ್‌ಮೆಂಟಿನ ವಾಚ್‌ಮನ್‌ನಂತೆ ಕೂರಿಸಿದ. ಬಂದವರು ಕೇಳಿದ ಸೈಟಿನ ಹೆಸರನ್ನು ಪಟ್ಟಿಯಲ್ಲಿ ಹುಡುಕಿ ಒಳಗಿನ ಸರಿಯಾದ ಸರ್ವರಿಗೆ ಕಳಿಸುವುದು ಅದರ ಕೆಲಸ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲ ಸಾಲಿನಲ್ಲಿರುವ ಪುಟ ತೋರಿಸುತ್ತಿತ್ತು.

ಆ ಮೊದಲ ಸಾಲಿಗೆ ಅವನು ಗಿರಾಕಿಯನ್ನು ಹಾಕಲಿಲ್ಲ. ಪರೀಕ್ಷೆಯ ಹಾಳೆಯಾಗಲಿ, ಕಿರಾಣಿ ಚೀಟಿಯಾಗಲಿ, ಮೇಲೆ ದೇವರ ಹೆಸರು ಬರೆಯದೆ ಅವನ ಕೈ ಮುಂದೆ ಓಡದು. ‘ಶ್ರೀ ಶರಣಬಸವೇಶ್ವರ ಪ್ರಸನ್ನ’ ಎಂಬ ಒಂದೇ ಸಾಲಿನ ಪುಟ ಮಾಡಿ ಅಲ್ಲಿಟ್ಟಿದ್ದ.

“ಯಾರಿಗೂ ಕಾಣಂಗಿಲ್ಲ, ಅರವಿಂದ್ರೀ. ಎಲ್ಲಾರ ಹೆಸರೂ ಪಟ್ಟ್ಯಾಗ ಇರ್ತಾವಲ್ಲ,” ಅಂದಿದ್ದ ನನಗೆ.

ಮೂರು ವರ್ಷದಿಂದ ಅವನದು ಕಾಂಟ್ರ್ಯಾಕ್ಟ್ ನೌಕರಿ. ಫೆಬ್ರವರಿಯಲ್ಲಿ ಪರ್ಮನೆಂಟ್ ಪತ್ರ ಬಂದರೆ ಸಿಕಂದರಾಬಾದಿನಲ್ಲಿ ಮನೆ ಹಿಡಿದು ಹೆಂಡತಿ ವಿಜಯಶ್ರೀಯನ್ನು ಕರೆತರುವವನಿದ್ದ. ಗ್ಯಾಸ್ ಒಲೆ ಆಗಲೇ ಕೊಂಡು ನನ್ನ ರೂಮಿನಲ್ಲಿ ಇಟ್ಟಿದ್ದ.

ಹೊಸ ಗಿರಾಕಿಯ ಹೆಸರನ್ನು ಡೈರೆಕ್ಟರ್ ಚೀಟಿಯಲ್ಲಿ ಬರೆದು ನನಗೆ ಕೊಡುತ್ತಿದ್ದ, ನಾನು ಕಲ್ಲೇಶನಿಗೆ ಕೊಡುತ್ತಿದ್ದೆ. ಒಂದು ಶುಕ್ರವಾರ ಔಷಧಿ ಕಂಪನಿಯೊಂದರ ಚೀಟಿ ಬಂತು. ಅದನ್ನು ಜೇಬಿಗೆ ಹಾಕಿಕೊಂಡು ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನಕ್ಕೆ ಹೋದೆ. ಅಲ್ಲಿ ತಿಂದೆ, ತಿರುಗಿದೆ, ಚೀಟಿ ಮರೆತೆ.

ಸೋಮವಾರ ಆ ಕಂಪನಿಯವರು ವಿದೇಶಿ ಅತಿಥಿಗಳ ಮುಂದೆ ತಮ್ಮ ಸೈಟು ತೆರೆದರು. ಬಂದದ್ದು ಕಲ್ಲೇಶನ ಪುಟ. ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದ್ದರಿಂದ ಅದೂ ಬರೀ ಚೌಕಗಳ ಸಾಲಾಗಿ ಕಂಡಿತು. ‘ನಮ್ಮದೇ ಮಷೀನಿನಲ್ಲಿ ಇದು ಯಾರ ಪುಟ?’ ಎಂದು ಅವರು ಕೇಳಿದಾಗ ಡೈರೆಕ್ಟರ್ ತಡಬಡಾಯಿಸಿದ. ಗಿರಾಕಿ ನಮ್ಮನ್ನು ಬಿಟ್ಟುಹೋದ.

ಡೈರೆಕ್ಟರ್ ಕಲ್ಲೇಶನನ್ನು ಎಲ್ಲರೆದುರು ನಿಲ್ಲಿಸಿದ. “ಯೇ ಆಫೀಸ್ ಹೈ ಯಾ ಮಂದಿರ್?” ಎಂದ. ಚೀಟಿಯ ವಿಷಯ ಅವನು ಎತ್ತಲಿಲ್ಲ. ಎತ್ತಿದರೆ ಒಂದೇ ಮಷೀನಿನ ಪಟ್ಟಿಯ ಮಾತು ಬಂದು ತನ್ನ ಸುಳ್ಳೂ ಹೊರಬರುತ್ತಿತ್ತು. ನಾನು ಮೇಜು ನೋಡುತ್ತ ಕೂತೆ. ನನಗೂ ಫೆಬ್ರವರಿಯಲ್ಲೇ ಪತ್ರ ಬರುವುದಿತ್ತು.

ಕಲ್ಲೇಶ ನನ್ನತ್ತ ಒಮ್ಮೆ ನೋಡಿದ. “ಗಲತಿ ಮೇರೀಚ್ ಹೈ, ಸಾಬ್,” ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡ.

ಸಂಜೆ ಒಲೆ ಒಯ್ಯಲು ರೂಮಿಗೆ ಬಂದ.

“ಔಷಧಿ ಕಂಪನಿ ಬಿಟ್ಟು ಹೋದ್ರೂ ಅದರ ಹೆಸರು ಸೇರಿಸೇ ಬಂದೀನ್ರಿ. ಮುಂದಿನ ಚೀಟಿ ಬಂದ ದಿನಾನ ಸೇರಿಸ್ರಿ. ನಿಮಗ ಮರೆವು ಭಾಳ,” ಎಂದ.

ಒಲೆಯ ಪೆಟ್ಟಿಗೆಯನ್ನು ಇಬ್ಬರೂ ಎರಡು ಕಡೆ ಹಿಡಿದು ಆಟೋದವರೆಗೆ ಇಳಿಸಿದೆವು.