ಅಜ್ಜಿಯ ಪಾಲು

ವಿಲ್ ಬರೆಸುವುದೆಂದರೆ ಅಪ್ಪನ ಪಾಲಿಗೆ ಯಮನಿಗೆ ಮನೆಯ ವಿಳಾಸ ಕೊಟ್ಟಂತೆ. "ನನಗೇನಾಗೇತಿ ಈಗ?" ಎಂದು ಗದರುತ್ತಿದ್ದ. ಏನೂ ಆಗದ ಅಪ್ಪ ಒಂದು ಬೆಳಿಗ್ಗೆ ಅನಾನಸ್ ಹೊಲಕ್ಕೆ ಹೋದವನು ಅಲ್ಲೇ ಕುಸಿದುಬಿಟ್ಟ. ಗುಡ್ನಾಪುರದ ಹತ್ತಿರ ತಾನೇ ದುಡಿದು ಕೊಂಡ ಹೊಲ, ಕಟ್ಟಿಸಿದ ಮನೆ ಎರಡೂ ಅವನ ಹೆಸರಿನಲ್ಲೇ ಉಳಿದವು.

ಅಮ್ಮ ಮೊದಲೇ ತೀರಿಕೊಂಡಿದ್ದಳು. ವಾರಸುದಾರರು ನಾನು, ತಮ್ಮ ಇಬ್ಬರೇ ಎಂದುಕೊಂಡಿದ್ದೆವು. ಹೆಣ್ಣುಮಕ್ಕಳಿಂದ ಪಾಲು ಬಿಡಿಸಿಕೊಳ್ಳುವ ನಮ್ಮ ಕಡೆಯ ಪದ್ಧತಿ ಬಲು ಮರ್ಯಾದೆಯದು. ತವರಿಗೆ ಕರೆಸಿ, ಹೊಸ ಸೀರೆ ಉಡಿಸಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಉಡಿ ತುಂಬುತ್ತಾರೆ. ಆಮೇಲೆ ಸಹಿ. ಎರಡೂ ಕೈಯಲ್ಲಿ ಉಡಿ ಹಿಡಿದು ನಿಂತವಳಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ತಮ್ಮನೂ ಕಿರವತ್ತಿಯ ಗಂಡನ ಮನೆಯಿಂದ ನನ್ನನ್ನು ಕರೆಸಿದ. ಸೀರೆ ಚೆನ್ನಾಗಿಯೇ ಇತ್ತು. ಅದನ್ನುಟ್ಟುಕೊಂಡು ಶಿರಸಿಯ ವಕೀಲರ ಮುಂದೆ ಪಾಲು ಬಿಟ್ಟು ಸಹಿ ಮಾಡಿದೆ. ಹೊಲ ನನಗೆ ಬೇಕಿರಲಿಲ್ಲ. ಇನ್ನು ಆ ಮನೆಗೆ ನೆಂಟಳಾಗಿ ಬರಬೇಕಲ್ಲ ಎಂಬುದೊಂದೇ ಸಂಕಟ.

ಆಗ ವಕೀಲರು ಕನ್ನಡಕ ಏರಿಸಿ, "ತೀರಿಕೊಂಡವರ ತಾಯಿ ಅದಾರೇನ್ರಿ?" ಎಂದರು.

ಇದ್ದಳು. ಮನೆಯಲ್ಲಿ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದಳು. ವಿಲ್ ಇಲ್ಲದೆ ಸತ್ತ ಮಗನ ಆಸ್ತಿಯಲ್ಲಿ ಮಕ್ಕಳಷ್ಟೇ ಪಾಲು ತಾಯಿಗೂ ಇದೆಯಂತೆ. ತಮ್ಮನ ಮುಖ ನೋಡಬೇಕಿತ್ತು.

ಬರುವ ದಾರಿಯಲ್ಲಿ ಅಭ್ಯಾಸಬಲದಿಂದ ಇನ್ನೊಂದು ಸೀರೆ, ಕೊಬ್ಬರಿ ಕೊಂಡ. ವಿಧವೆಗೆ ಉಡಿ ತುಂಬುವುದಿಲ್ಲ ಎಂಬುದು ನೆನಪಾದದ್ದು ಮನೆ ಮುಟ್ಟಿದ ಮೇಲೆ. ಮಂತ್ರ ಮರೆತ ಐನೋರ ಹಾಗೆ ಕೊಬ್ಬರಿ ಹಿಡಿದು ಪಡಸಾಲೆಯಲ್ಲಿ ನಿಂತ. ಉಡಿಯಿಲ್ಲದೆ ಪಾಲು ಬಿಡಿಸಿಕೊಳ್ಳುವುದನ್ನು ಪಾಪ ಅವನಿಗೆ ಯಾರೂ ಕಲಿಸಿರಲಿಲ್ಲ.

"ಅಜ್ಜಿ, ಒಂದು ಹೆಬ್ಬೆಟ್ಟು ಒತ್ತಬೇಕಿತ್ತು," ಎಂದು ಶುರುಮಾಡಿ ಎಲ್ಲ ಹೇಳಿದ.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು. "ಒತ್ತಂಗಿಲ್ಲ."

"ಈ ವಯಸ್ಸಿನ್ಯಾಗ ನಿನಗ್ಯಾಕಬೇ ಪಾಲು? ನಾ ನೋಡ್ಕೊಳ್ಳಂಗಿಲ್ಲೇನು?"

"ನನ್ನ ನೀ ನೋಡ್ಕೊಂತಿ, ಗೊತ್ತೈತಿ. ಪಾಲು ನನಗಲ್ಲೋ." ನನ್ನ ಕಡೆ ಕೈ ತೋರಿಸಿದಳು. "ಆಕಿ ತನ್ನ ಪಾಲು ಬಿಟ್ಟು ಬಂದಾಳ. ನಾನೂ ನಂದು ಬಿಟ್ರ, ನಾಳೆ ಆಕಿ ಬಂದಾಗ ಯಾರ ಮನಿಯಾಗ ಕುಂದ್ರಬೇಕು?"

ನನಗೆ ಅಲ್ಲೇ ಅಳು ಬಂತು. ತಮ್ಮ ಮತ್ತೆ ಹೆಬ್ಬೆಟ್ಟು ಕೇಳಲಿಲ್ಲ.