ಸ್ಲ್ಯಾಬಿನ ಕೆಳಗಿನ ಊಟ

ಸಾಂತಾಕ್ರೂಜ್‌ನಲ್ಲಿ ಫ್ಲ್ಯಾಟ್ ಕೊಂಡಾಗ ಬಿಲ್ಡರ್ ಕಡೆಯವನು ಹೊಳೆಯುವ ಫೈಲೊಂದನ್ನು ಕೈಗಿಟ್ಟ. ಲೈಸೆನ್ಸ್, ಮುದ್ರೆ, ಸಹಿ ಎಲ್ಲ ಇದ್ದವು. “ಈ ಸ್ಲ್ಯಾಬಿನ ಕೆಳಗೆ ಮೊದಲು ಯಾರು ಊಟ ಮಾಡಿದರು?” ಎಂದು ಕೇಳಿದೆ. ಆತ ನನ್ನನ್ನು ಮಿಕಿಮಿಕಿ ನೋಡಿದ. ನನ್ನಪ್ಪನ ಪದ್ಧತಿ ಅವನಿಗೆ ಹೇಗೆ ತಾನೇ ಗೊತ್ತಿರಬೇಕು!

ಅಪ್ಪ ವಿಜಯಪುರದ ಕಡೆಯಿಂದ ಬಂದ ಗೌಂಡಿ. ವಡಾಲದ ಚಾಳಿನಲ್ಲಿ ನಮ್ಮ ವಾಸ. ಸಣ್ಣಪುಟ್ಟ ಮನೆಗಳನ್ನು ಕಟ್ಟುತ್ತಿದ್ದ. ಸ್ಲ್ಯಾಬ್ ಬಲಿತು, ಆಸರೆಯ ಹಲಗೆ ಕಂಬಗಳನ್ನು ಬಿಚ್ಚುವ ದಿನ ಅಮ್ಮ ಬುತ್ತಿ ಕಟ್ಟಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಕೊನೆಯ ಕಂಬ ತೆಗೆದ ಕೂಡಲೇ ನಾವು ಮೂವರೂ ಆ ಸಿಮೆಂಟಿನ ವಾಸನೆಯ ನಡುವೆ ಕೂತು ಉಣ್ಣಬೇಕು. ನನಗದು ಪಿಕ್ನಿಕ್. ಶಾಲೆಗೆ ಚಕ್ಕರ್ ಹೊಡೆಯಲು ಅಪ್ಪನೇ ಒಪ್ಪಿಗೆ ಕೊಡುತ್ತಿದ್ದ. ಅಂಥ ರುಚಿಯ ಊಟ ಮತ್ತೆ ಸಿಕ್ಕಿಲ್ಲ.

ಆಗ ಅಪ್ಪನಿಗೆ ಕಟ್ಟಡ ಕಟ್ಟುವ ಸ್ವಂತ ಲೈಸೆನ್ಸ್ ಇರಲಿಲ್ಲ. ಕಟ್ಟುವವನು ಇವನು, ಬೋರ್ಡಿನ ಮೇಲೆ ಇನ್ಯಾರದೋ ಹೆಸರು. ಅದನ್ನು ಕಂಡಾಗಲೆಲ್ಲ ಅಮ್ಮ ಮುಖ ಗಂಟು ಹಾಕಿಕೊಳ್ಳುತ್ತಿದ್ದಳು. ನಾನು ಕಾಲೇಜು ಸೇರಿದ ವರ್ಷ ಅರ್ಜಿ ತಂದು ತುಂಬಲು ಕೂತೆ. ಅನುಭವ ಬರೆದೆ, ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಿದೆ. ‘ಹಿಂದೆ ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆಯಹೊರಟಾಗ ಅಪ್ಪ ತಡೆದ.

“ಹೌದು ಅಂತ ಬರಿಯವ್ವಾ.”

ನಾನು ಹುಟ್ಟುವ ಮೊದಲು ಅವನು ಕಿಟಕಿಯ ಮೇಲೆ ಕಟ್ಟಿದ ಸಜ್ಜಾ ಬಿದ್ದು ದಾರಿಹೋಕನೊಬ್ಬನ ಕಾಲು ಮುರಿದಿತ್ತಂತೆ. ಅವಸರಪಟ್ಟು ಆಸರೆಯನ್ನು ಬೇಗ ಬಿಚ್ಚಿಸಿದ್ದನಂತೆ. ಕೋರ್ಟು ದಂಡ ಹಾಕಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಅವತ್ತೇ.

ಅಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: “ಯಾರಿಗೂ ನೆನಪಿಲ್ಲದ್ದನ್ನ ನೀವ್ಯಾಕ ಕೆದಕ್ತೀರಿ? ಇಲ್ಲ ಅಂತ ಬರಸ್ರಿ. ಲೈಸೆನ್ಸ್ ಕೈತಪ್ಪಿದ್ರ ಜನ್ಮಪೂರ್ತಿ ಮಂದಿ ಹೆಸರಿನ್ಯಾಗ ದುಡೀಬೇಕಾಗತೈತಿ.”

“ಕಾಲು ಮುರಕೊಂಡಾಂವಗ ನೆನಪಿರತೈತಿ,” ಎಂದ ಅಪ್ಪ. ನಾನು ಹೌದು ಎಂದೇ ಬರೆದೆ.

ಫೋರ್ಟಿನ ಲೈಸೆನ್ಸ್ ಕಚೇರಿಯಲ್ಲಿ ಸಾಹೇಬರು ಅದನ್ನು ಓದಿ, ಇಂಥವನನ್ನು ಹೇಗೆ ನಂಬುವುದು ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪ ತನ್ನ ಹರಕು ಮುರುಕು ಹಿಂದಿಯಲ್ಲಿ, ಆ ಸಜ್ಜಾ ಬಿದ್ದಾಗಿನಿಂದ ಪ್ರತಿ ಸ್ಲ್ಯಾಬಿನ ಕೆಳಗೂ ಮೊದಲು ಹೆಂಡತಿ ಮಗಳನ್ನು ಕೂರಿಸಿಕೊಂಡು ಉಣ್ಣುತ್ತೇನೆ, ಅವರನ್ನು ಕೂರಿಸಲು ಧೈರ್ಯ ಬರುವತನಕ ಕಂಬ ಬಿಚ್ಚುವುದಿಲ್ಲ ಎಂದ. ನಾನು ಪಕ್ಕದಲ್ಲೇ ಇದ್ದೆ. ನನ್ನ ಪಿಕ್ನಿಕ್ಕುಗಳ ಗುಟ್ಟು ಇದಾಗಿತ್ತು. ಸಿಟ್ಟೂ ಬಂತು, ಅಪ್ಪನ ಮೇಲೆ ಅಕ್ಕರೆಯೂ ಉಕ್ಕಿತು. ಸಾಹೇಬರು ನನ್ನನ್ನೊಮ್ಮೆ ನೋಡಿ ಹಾಳೆ ಮಗುಚಿದರು.

ತಿಂಗಳುಗಟ್ಟಲೆ ಸುದ್ದಿಯಿಲ್ಲ. ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಳು, ರೊಟ್ಟಿ ಬಡಿಯುವುದನ್ನು ಮಾತ್ರ ಬಿಡಲಿಲ್ಲ. ಕೊನೆಗೊಂದು ದಿನ ಲೈಸೆನ್ಸ್ ಬಂತು. ಅಪ್ಪ ಅದನ್ನು ಅವಳ ಮಡಿಲಿಗಿಟ್ಟು, “ಇನ್ನ ನೀವು ಸ್ಲ್ಯಾಬಿನ ಕೆಳಗ ಕೂಡೋದು ಬ್ಯಾಡ. ಸರಕಾರಾನ ನನ್ನನ್ನ ಪಾಸ್ ಮಾಡೇತಿ,” ಎಂದ.

ಅಮ್ಮನಿಗೆ ಓದಲು ಬಾರದು. ಅವನ ಹೆಸರು ಎಲ್ಲಿದೆ ಎಂದು ನನ್ನನ್ನು ಕೇಳಿ, ಅದರ ಮೇಲೆ ಬೆರಳಾಡಿಸಿದಳು.

“ಪಾಸ್ ಮಾಡಿದ್ದು ನಿಮ್ಮನ್ನ, ಸ್ಲ್ಯಾಬನ್ನಲ್ಲ,” ಎಂದಳು. “ಕಂಬ ಬಿಚ್ಚೋ ದಿನ ಹೇಳ್ರಿ. ಬುತ್ತಿ ತರ್ತೀನಿ.”