ಹುಳದ ಮನೆಯಲ್ಲಿ ಬಿಳಿಮೀನು

ಕಾವೇರಿಯ ಬಿಳಿಮೀನನ್ನು ಈಗ ದಿನಾ ಬಲೆ ಬೀಸುವವರೂ ಕಾಣುವುದು ಅಪರೂಪ. ಮೀನುಗಾರಿಕೆ ಓದಿಕೊಂಡಿದ್ದ ನನಗೆ ಅದನ್ನು ತೊಟ್ಟಿಯಲ್ಲಿ ಮರಿ ಮಾಡಿಸಿ ಹೊಳೆಗೆ ಬಿಡುವ ಹುಚ್ಚು ಹತ್ತಿತು. ಪರವಾನಗಿಗೆ ಅಲೆದು ಚಪ್ಪಲಿ ಸವೆಸಿದೆ. ಧನಗೆರೆಯ ನಮ್ಮ ಮನೆಯ ಹಿಂದೆ ರೇಷ್ಮೆ ಹುಳದ ಮನೆ ಖಾಲಿ ಬಿದ್ದಿತ್ತು. ಮಂಡಿ ನೋವು ಬಂದ ಮೇಲೆ ಅವ್ವ ಹುಳ ಸಾಕುವುದನ್ನು ಬಿಟ್ಟಿದ್ದಳು. ತೊಟ್ಟಿಗಳನ್ನು ಅಲ್ಲೇ ಕಟ್ಟಿಸಿ, ಹೊಳೆಯಿಂದ ತಂದ ಕೆಲವು ಬಿಳಿಮೀನು ಬಿಟ್ಟೆ.

"ಉಳ ಓಯ್ತು, ಮೀನ್ ಬಂತು. ಬಾಯಿಲ್ದವನ್ನ ಸಾಕೋದೇ ನಮ್ ಅಣೆಬರ" ಎಂದು ಅವ್ವ ನಕ್ಕಳು.

ಮೂರು ವರ್ಷ ಕಾದ ಮೇಲೆ ಅವುಗಳಲ್ಲಿದ್ದ ಒಂದೇ ಹೆಣ್ಣು ಮೊಟ್ಟೆಗೆ ಬಂತು. ಹೊಟ್ಟೆ ನೀವಿ ಮೊಟ್ಟೆ ತೆಗೆದೆ. ಜೋರಾಗಿ ಒತ್ತಿಬಿಟ್ಟೆನೋ ಏನೋ, ವಾರದೊಳಗೆ ಅದು ಸತ್ತಿತು. ಇನ್ನು ಉಳಿದದ್ದು ಆ ಮೊಟ್ಟೆಯೊಡೆದು ಬಂದ ಮರಿಗಳಷ್ಟೇ.

ಒಂದು ಬೆಳಿಗ್ಗೆ ಎರಡು ಏರ್ ಪಂಪಿನಲ್ಲಿ ಒಂದು ಕೆಟ್ಟಿತು. ರಿಪೇರಿಗೆ ಕೊಳ್ಳೇಗಾಲಕ್ಕೆ ಹೊರಟವನು, "ಉಳ ನೋಡ್ಕಂಡಂಗೆ ನೋಡ್ಕೊಳವ್ವ, ಅಷ್ಟೇಯ" ಎಂದೆ. ಅಂಗಡಿಯವನು ಸಂಜೆ ಮಾಡಿದ.

ಬಂದು ನೋಡಿದರೆ ಮರಿಗಳೆಲ್ಲ ತೊಟ್ಟಿಯ ತಳದಲ್ಲಿ ಬಿದ್ದಿದ್ದವು. ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಹೊಡೆಯಿತು.

"ಒಡೀದೆ ಉಳ್ದಿದ್ ಮೊಟ್ಟೆ ಮ್ಯಾಲೆ ಬೆಳ್ಳಗೆ ಕಟ್ಕಂಡಿತ್ತು ಕಣಪ್ಪ. ಸುಣ್ಣಕಟ್ಟು ಬಂದ್ಬುಡ್ತು ಅಂತ ಒಂದಿಡಿ ಉದುರ್ಸ್ದೆ" ಎಂದಳು ಅವ್ವ.

ಸುಣ್ಣಕಟ್ಟು ಬಂದ ರೇಷ್ಮೆ ಹುಳ ಬಿಳಿಯಾಗಿ ಸೆಟೆದು ಸಾಯುತ್ತದೆ. ಒಂದಕ್ಕೆ ಬಂದರೆ ಇಡೀ ಬೆಳೆ ಹೋದಂತೆ. ಅದಕ್ಕೆ ಅವಳು ಜೀವಮಾನವಿಡೀ ಬಳಸಿದ್ದು ಬ್ಲೀಚಿಂಗ್ ಪುಡಿಯನ್ನೇ. ಸತ್ತ ಮೊಟ್ಟೆಗೆ ಬೂಸ್ಟು ಹಿಡಿಯುವುದು ಸಹಜವೆಂದು ನಾನು ಹೇಳಿರಲಿಲ್ಲ. ಆದರೂ ಬಾಯಿಗೆ ಬಂದದ್ದು ಅಂದುಬಿಟ್ಟೆ.

"ನೀನ್ ಮುಟ್ಟಿದ್ದೆಲ್ಲ ಸಾಯ್ತದೆ."

ತಾಯಿ ಮೀನು ಸತ್ತದ್ದು ನನ್ನ ಕೈಯಲ್ಲಿ. ಆಗ ಅವಳು ಒಂದು ಮಾತೂ ಆಡಿರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಮೇಲೆ ಮೊಟ್ಟೆ ತುಂಬಿದ ಬಿಳಿಮೀನು ನನಗೆ ಸಿಗಲಿಲ್ಲ. ಅದು ಒಂದು ದುಃಖ.

ಊರಲ್ಲಿ ಯಾರು ಹುಳ ತಂದರೂ ಮೊದಲ ಸೊಪ್ಪು ಹಾಕಲು ಅವ್ವನನ್ನು ಕರೆಯುತ್ತಿದ್ದರು. ಅವಳ ಕೈಗುಣ ಅಂಥದ್ದೆಂಬ ನಂಬಿಕೆ. ಮರುತಿಂಗಳು ಪಕ್ಕದ ಮನೆಯಾಕೆ ಬಂದು, "ಮರಿ ಉಳ ತಂದಿವ್ನಿ, ಬಾಕ್ಕ" ಎಂದಳು.

"ನನ್ ಕೈ ಬ್ಯಾಡ ಕಣವ್ವ. ಬ್ಯಾರೆಯವ್ರ ಕರ್ಕೊ."

ನಾನು ಜಗಲಿಯಲ್ಲೇ ಕಾಫಿ ಕುಡಿಯುತ್ತಿದ್ದೆ. ಏನಾದರೂ ಅನ್ನುತ್ತಾನೇನೋ ಎಂದು ಅವ್ವ ನನ್ನ ಮುಖ ನೋಡಿದಳು. ನಾನು ಲೋಟದೊಳಗೆ ನೋಡುತ್ತಾ ಕುಳಿತೆ.